ನಾಣ್ಯದಲ್ಲಿ ಕಂಡ ರಾಜ

ನಾಣ್ಯ ಸಂಗ್ರಾಹಕರ ಸಂಘದ ನಿಯಮಾವಳಿಯಲ್ಲಿ ನಾಣ್ಯಕ್ಕಿಂತ ನಾಣ್ಯದ ಫೋಟೋಗೇ ಹೆಚ್ಚಿನ ಮಾನ್ಯತೆ. ನಾಣ್ಯ ಸವೆಯುತ್ತದೆ, ಕಳೆದುಹೋಗುತ್ತದೆ, ಒಮ್ಮೊಮ್ಮೆ ಸದಸ್ಯರ ಮೊಮ್ಮಕ್ಕಳ ಹೊಟ್ಟೆಗೂ ಸೇರುತ್ತದೆ. ಫೋಟೋ ಮಾತ್ರ ಕಡತದಲ್ಲಿ ಭದ್ರವಾಗಿರುತ್ತದೆ. ಆದಕಾರಣ ಸದಸ್ಯತ್ವ ಬಯಸುವವರು ತಮ್ಮ ಬಳಿಯಿರುವ ಒಂದು ನಾಣ್ಯದ ಫೋಟೋವನ್ನು ಸ್ವಂತ ಮನೆಯಲ್ಲಿ, ಸ್ವಂತ ಕೈಯಿಂದ, ನೆರಳು ಬೀಳದಂತೆ ತೆಗೆದು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.

ಮೀಟರಿನವರು ಒಂಬತ್ತು ವರ್ಷದಿಂದ ಸಲ್ಲಿಸುತ್ತಲೇ ಇದ್ದರು. ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ, ಬಗ್ಗಿ, ನೀರಿನ ಮೀಟರ್ ಓದಿ ನಿವೃತ್ತರಾದವರು. ಬೀದಿಯಲ್ಲಿ ಆ ಹೆಸರೇ ಉಳಿದುಕೊಂಡಿತ್ತು. ನೌಕರಿ ಬಿಟ್ಟರೂ ಬಗ್ಗಿ ನೋಡುವ ಚಟ ಬಿಡದೆ ಹಳೆಯ ನಾಣ್ಯಗಳ ಕಡೆಗೆ ತಿರುಗಿತ್ತು. ಒಂಬತ್ತು ಸಲವೂ ಅರ್ಜಿ ವಾಪಸು ಬಂದಿತ್ತು. ಒಂದರಲ್ಲಿ ನೆರಳು, ಒಂದರಲ್ಲಿ ಮಸುಕು, ಒಂದರಲ್ಲಿ ನಾಣ್ಯದ ಪಕ್ಕ ಉಪ್ಪಿನ ಡಬ್ಬಿ. ಹಾಗಾಗಿ ಸಂಘದ ಸಭೆಯ ದಿನ ಅವರು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು, ಒಳಗೆ ನಡೆಯುವ ಚರ್ಚೆಗೆ ಹೊರಗಿನಿಂದಲೇ ತಲೆಯಾಡಿಸಿ ಬರುತ್ತಿದ್ದರು.

ಹತ್ತನೇ ಸಲ ಅವರು ಊಟದ ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದರು. ಅದರ ಮೇಲೆ ಕಪ್ಪು ಬಟ್ಟೆ, ಎರಡು ಬದಿಗೆ ಎರಡು ಟೇಬಲ್ ಲ್ಯಾಂಪು, ಬೆಳಕು ಕಣ್ಣು ಕುಕ್ಕದಂತೆ ಅವುಗಳ ಮುಂದೆ ತೆಳು ಬಿಳಿ ಕಾಗದ. ಎರಡು ಸಾಲು ಪುಸ್ತಕ ಪೇರಿಸಿ, ಅಡ್ಡಲಾಗಿ ಎರಡು ಸ್ಕೇಲು ಇಟ್ಟು, ಆ ಸೇತುವೆಯ ಮೇಲೆ ಫೋನನ್ನು ಕ್ಯಾಮೆರಾ ಕೆಳಮುಖವಾಗುವಂತೆ ಮಲಗಿಸಿದರು. ಕೆಳಗೆ ಬೆಳ್ಳಿಯ ದೊಡ್ಡ ನಾಣ್ಯ. ಹಿಂದಿನ ಒಡೆಯರು ಯಾರೋ ಅದನ್ನು ತಿಕ್ಕಿ ತಿಕ್ಕಿ ರಾಜನ ಮುಖವನ್ನೇ ಅಳಿಸಿ ಕನ್ನಡಿ ಮಾಡಿಟ್ಟಿದ್ದರು.

ನಾಲ್ಕು ದಿನ ತಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತು ಉಂಡ ಹೆಂಡತಿ ಐದನೇ ದಿನ ಕೇಳಿದರು: "ರೀ, ಆ ರಾಜ ಯಾವಾಗ ಏಳ್ತಾನೆ? ಮೇಜು ಬೇಕಿತ್ತು."

ನೂರ ಹನ್ನೆರಡು ಫೋಟೋಗಳಲ್ಲಿ ನೆರಳಿಲ್ಲದ್ದು ಒಂದೇ ಸಿಕ್ಕಿತು. ಅದನ್ನೇ ಕಳಿಸಿದರು.

ಮೂರು ವಾರಕ್ಕೆ ಉತ್ತರ ಬಂತು. ಸದರಿ ನಾಣ್ಯದಲ್ಲಿ ಇತಿಹಾಸಕ್ಕೆ ಈವರೆಗೆ ತಿಳಿಯದ ರಾಜನೊಬ್ಬನು ಕಂಡುಬಂದಿದ್ದು, ಅರ್ಜಿದಾರರಿಗೆ ಸದಸ್ಯತ್ವ ನೀಡಲು ಸಂಘವು ಹರ್ಷಿಸುತ್ತದೆ ಎಂದಿತ್ತು. ಜೊತೆಗೆ ತಜ್ಞರ ಸಮಿತಿಯ ನಲವತ್ತು ಪುಟದ ವರದಿ. ರಾಜನ ಕಣ್ಣುಗಳ ಸುತ್ತ ಇರುವ ವೃತ್ತಗಳು ಯುದ್ಧದ ಕವಚದ ಭಾಗ. ಅರ್ಧ ತೆರೆದ ಬಾಯಿ ಪ್ರಜೆಗಳಿಗೆ ಅಭಯ ನೀಡುತ್ತಿರುವುದರ ಸೂಚನೆ. ಮುಖದಲ್ಲಿನ ಗಾಬರಿಯನ್ನು ನೋಡಿದರೆ ಆಳ್ವಿಕೆ ಬಹಳ ಕಾಲ ನಡೆದಂತಿಲ್ಲ.

ಹೆಂಡತಿ ಫೋಟೋವನ್ನು ಒಂದು ಸಲ ನೋಡಿ, "ಇದು ನೀವೇ ಅಲ್ವಾ? ಕನ್ನಡಕ ನೋಡಿ," ಅಂದರು.

ಮೀಟರಿನವರು ನೋಡಿದರು. ಫೋನಿನ ಪಕ್ಕದಿಂದ ಇಣುಕಿದ್ದ ತಮ್ಮ ಮುಖವೇ ಬೆಳ್ಳಿಯಲ್ಲಿ ಬಿದ್ದಿತ್ತು. ಎರಡು ದಿನ ಊಟ ರುಚಿಸಲಿಲ್ಲ. ಒಂಬತ್ತು ವರ್ಷ ಬೆಂಚಿನ ಮೇಲೆ ಕಾದದ್ದು ಒಂದು ಕಡೆ. ಸುಳ್ಳು ರೀಡಿಂಗನ್ನು ಒಂದು ದಿನವೂ ಬರೆಯದ ಕೈ ಇನ್ನೊಂದು ಕಡೆ. ಮೂರನೇ ದಿನ ನಾಣ್ಯವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕಾರ್ಯದರ್ಶಿಯ ಮುಂದೆ ಹೋಗಿ ನಿಂತರು.

ಕಾರ್ಯದರ್ಶಿ ನಾಣ್ಯವನ್ನು ತಿರುಗಿಸಿ ಮುರುಗಿಸಿ ನೋಡಿ, ರಾಜ ಎಲ್ಲಿ ಅಂತ ಕೇಳಿದರು.

"ನಾನೇ ಸಾರ್. ಬಗ್ಗಿದಾಗ ಬಿದ್ದುಬಿಟ್ಟಿದೀನಿ."

"ಈಗ ಬಗ್ಗಿ."

ಮೀಟರಿನವರು ಬಗ್ಗಿದರು. ಕಾರ್ಯದರ್ಶಿ ಫೋಟೋ ಪಕ್ಕದಲ್ಲಿಟ್ಟು ಹೋಲಿಸಿದರು. ಮೂಗು, ಕವಚ, ಅಭಯ, ಎಲ್ಲವೂ ತಾಳೆಯಾಯಿತು.

"ಮತ್ತೆ ಇದಾನಲ್ಲ," ಅಂದರು ಸಮಾಧಾನದಿಂದ.

ಮೀಟರಿನವರು ಸದಸ್ಯತ್ವ ವಾಪಸು ಕೊಡುತ್ತೇನೆಂದರು. ಅದಕ್ಕೆ ನಮೂನೆಯೇ ಇರಲಿಲ್ಲ. ತುರ್ತು ಸಭೆ ಸೇರಿ ಈ ಕೆಳಗಿನಂತೆ ನಿರ್ಣಯಿಸಲಾಯಿತು: ಒಮ್ಮೆ ಅಂಗೀಕರಿಸಿದ ಫೋಟೋವನ್ನು ರದ್ದುಪಡಿಸಲು ನಿಯಮಾವಳಿಯಲ್ಲಿ ಅವಕಾಶವಿರುವುದಿಲ್ಲ. ನಾಣ್ಯಕ್ಕೂ ಫೋಟೋಗೂ ವ್ಯತ್ಯಾಸ ಕಂಡುಬಂದಲ್ಲಿ ನಾಣ್ಯವನ್ನು ಫೋಟೋಗೆ ಸರಿಹೊಂದಿಸುವುದು ಸದಸ್ಯರ ಹೊಣೆ. ವಾರ್ಷಿಕ ಪ್ರದರ್ಶನದ ಅವಧಿಯಲ್ಲಿ ಸದರಿ ಸದಸ್ಯರು ಪ್ರತಿದಿನ ಹತ್ತರಿಂದ ಐದರವರೆಗೆ ನಾಣ್ಯದ ಮೇಲೆ ಬಗ್ಗಿರತಕ್ಕದ್ದು.

ದಾಸ್ತಾನು ಪುಸ್ತಕದಲ್ಲಿ 'ನಾಣ್ಯ ಒಂದು, ರಾಜ ಒಂದು' ಎಂದು ನಮೂದಾಯಿತು. ಮೀಟರಿನವರಿಗೆ ಒಳ್ಳೆಯ ಕುರ್ಚಿ ಕೊಟ್ಟರು, ಒಂದೂವರೆಗೆ ಊಟಕ್ಕೆ ಬಿಟ್ಟರು. ಆ ಅರ್ಧ ಗಂಟೆ 'ರಾಜ ಪರಿಶೀಲನೆಯಲ್ಲಿದ್ದಾನೆ' ಎಂಬ ಫಲಕ ತೂಗುತ್ತಿತ್ತು. ಜನ ಸಾಲುಗಟ್ಟಿ ಬಂದು ನೋಡಿದರು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಬಗ್ಗಿದ್ದಾಗ ಅವರು ಸೀನಿದ್ದರಿಂದ ಎರಡನೇ ರಾಜನೊಬ್ಬ ದಾಖಲಾದ. ಇವನು ಮೊದಲಿನವನ ತಮ್ಮನಿರಬೇಕೆಂದೂ ಸಿಂಹಾಸನದ ಮೇಲೆ ಕೋಪವಿದ್ದಂತಿದೆಯೆಂದೂ ತಜ್ಞರು ಬರೆದರು. ಮೀಟರಿನವರು ಅದನ್ನೂ ತಿದ್ದಲು ಹೋದರು. ತಿದ್ದಬೇಕಾದರೆ ತಲೆ ಎತ್ತಬೇಕಿತ್ತು, ಐದು ಗಂಟೆಗೆ ಮುಂಚೆ ತಲೆ ಎತ್ತುವಂತಿರಲಿಲ್ಲ. ಐದರ ಹೊತ್ತಿಗೆ ವರದಿ ಅಚ್ಚಿಗೆ ಹೋಗಿತ್ತು. ಒಳಗಂತೂ ಬಂದೆನಲ್ಲ ಅಂದುಕೊಂಡರು. ಆಮೇಲಾಮೇಲೆ ಕತ್ತೂ ನೋಯುತ್ತಿರಲಿಲ್ಲ.

ಎರಡನೇ ವಾರ ಹೆಂಡತಿ ಪ್ರದರ್ಶನ ನೋಡಲು ಬಂದರು. ಗಂಡನ ಅಂಗಿಯ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಸರಿಮಾಡಲು ಕೈ ಚಾಚಿದಾಗ ಕಾವಲುಗಾರ ಮೆತ್ತಗೆ ತಡೆದ.

"ಅಮ್ಮಾ, ಪ್ರದರ್ಶನದ ವಸ್ತು ಮುಟ್ಟೋ ಹಾಗಿಲ್ಲ."

ಹಾಗಾದರೆ ಏನು ಮಾಡಬೇಕೆಂದು ಆಕೆ ಕೇಳಿದರು. ಅದಕ್ಕೆ ಅರ್ಜಿ ಇತ್ತು. ಆಕೆ ಅಲ್ಲೇ ಕೂತು ತುಂಬಿದರು. 'ವಸ್ತುವಿನೊಂದಿಗೆ ಸಂಬಂಧ' ಎಂಬಲ್ಲಿ 'ಹೆಂಡತಿ' ಎಂದು ಬರೆದರು. 'ಎಷ್ಟು ವರ್ಷಗಳ ಅಧ್ಯಯನ' ಎಂಬಲ್ಲಿ ಮೂವತ್ತಾರು ಎಂದು. ಒಂದೇ ವಸ್ತುವನ್ನು ಇಷ್ಟು ದೀರ್ಘ ಕಾಲ ಅಧ್ಯಯನ ಮಾಡಿದವರು ಸಂಘದಲ್ಲಿ ಯಾರೂ ಇರಲಿಲ್ಲವಾದ್ದರಿಂದ, ಕಾರ್ಯಕಾರಿ ಸಮಿತಿ ಅರ್ಜಿಯನ್ನು ಮಂಜೂರು ಮಾಡಿದ್ದಲ್ಲದೆ ಆಕೆಯನ್ನು ತಜ್ಞರ ಸಮಿತಿಗೂ ನೇಮಿಸಿತು. ಫೋಟೋ ಕೂಡ ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತೂ ಹತ್ತಕ್ಕೆ ಆಕೆ ಬಂದು, ಕಾವಲುಗಾರನಿಗೆ ಪತ್ರ ತೋರಿಸಿ, ಕಾಲರು ಸರಿಮಾಡಿದರು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಆಮೇಲೆ ರಿಜಿಸ್ಟರು ತರಿಸಿಕೊಂಡು, ತಜ್ಞರ ಅಭಿಪ್ರಾಯದ ಕಾಲಮ್ಮಿನಲ್ಲಿ 'ಸವೆದಿದೆ, ಸ್ಥಿತಿ ಉತ್ತಮ' ಎಂದು ಬರೆದು ಸಹಿ ಹಾಕಿದರು.