ತಾಂಡೇಲ ಕರಿಯನ ಮುಳುಗದ ಕಾರು

ನಾವುಂದದ ಹೊಳೆಬದಿಯ ಕರಿಯ ಇಪ್ಪತ್ತೆಂಟು ವರ್ಷ ಮೀನುಗಾರಿಕೆ ಬೋಟು ನಡೆಸಿದ ತಾಂಡೇಲ. ಅಷ್ಟೂ ವರ್ಷಗಳಲ್ಲಿ ಅವನ ಕೈಯಲ್ಲಿ ಒಂದೇ ಒಂದು ಬೋಟು ಮುಳುಗಿರಲಿಲ್ಲ. ಈ ಸಂಗತಿ ಗೊತ್ತಿಲ್ಲದ ಮನುಷ್ಯ ಬೈಂದೂರು ತಾಲೂಕಿನಲ್ಲಿದ್ದರೆ ಅವನು ಕಿವುಡನಾಗಿರಬೇಕು, ಇಲ್ಲವೇ ಇನ್ನೂ ಹುಟ್ಟಿರಬಾರದು. ಮದುವೆಯೂಟದಲ್ಲಿ ಪಾಯಸ ಬರುವುದರೊಳಗೆ, ಕ್ಷೌರದಂಗಡಿಯಲ್ಲಿ ಒಂದು ಕೆನ್ನೆ ಮುಗಿಯುವುದರೊಳಗೆ ಕರಿಯ ಈ ಮಾತಿಗೆ ಬಂದು ಮುಟ್ಟುತ್ತಿದ್ದ. (ಬೋಟುಗಳು ಧಣಿಗಳದ್ದು. ಬಿರುದು ಮಾತ್ರ ಇವನದ್ದು.)

ಬೋಟು ಬಿಟ್ಟ ಮೇಲೆ ಕರಿಯ ಕಾರಿಗೆ ಬಂದ. ಕಾರು ಅವನ ಹೆಂಡತಿ ಜಲಜಳ ಬೆವರಿನದು. ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತುಕೊಂಡು ಬಸ್ಸಿಗೆ ಕಾದು, ಕಂಡಕ್ಟರುಗಳು ಮೂಗು ಮುಚ್ಚಿಕೊಳ್ಳುವುದನ್ನು ನೋಡಿ ನೋಡಿ ಸಾಕಾಗಿ, ಅವಳು ಗಂಡನ ಹೆಸರಿನಲ್ಲಿ ಒಂದು ಹಳೇ ಬಿಳಿ ಕಾರು ಕೊಂಡಿದ್ದಳು. ಡಿಕ್ಕಿಯಲ್ಲಿ ಬುಟ್ಟಿ, ಮುಂದಿನ ಸೀಟಿನಲ್ಲಿ ಜಲಜ, ಸ್ಟೇರಿಂಗಿನಲ್ಲಿ ಕರಿಯ. ಹೀಗೆ ದಿನಾ ಬೆಳಿಗ್ಗೆ ಕುಂದಾಪುರದ ಮೀನು ಮಾರ್ಕೆಟಿಗೆ ಸವಾರಿ ಹೊರಡುತ್ತಿತ್ತು. ಆ ಕಾರೊಂದು ಇಲ್ಲದಿದ್ದರೆ ಜಲಜ ಮತ್ತೆ ಬಸ್ಸಿಗೆ ಕಾಯಬೇಕಿತ್ತು.

ಈ ವರ್ಷದ ಜುಲೈಯಲ್ಲಿ ಹೊಳೆ ಏರಿತು. ಪಕ್ಕದ ಮನೆಯ ಸುಂದರ ಮಾಸ್ಟ್ರು ಅಂಗಳಕ್ಕೆ ನೀರು ಬರುವ ಮೊದಲೇ ತಮ್ಮ ಕಾರನ್ನು ಹೈವೇ ಬದಿಗೆ ಸಾಗಿಸಿ, ಹೋಗುತ್ತಾ ಕರಿಯನನ್ನೂ ಕೂಗಿ ಕರೆದರು. ಜಲಜಳೂ ಬೇಗ ಹೊರಡಿ ಎಂದು ದುಂಬಾಲು ಬಿದ್ದಳು.

"ನೀರ್ ಕಂಡ್ ಓಡುಕೆ ನಾ ಎಂತ ಮಾಸ್ಟ್ರಾ?" ಎಂದ ಕರಿಯ.

ಆಮೇಲೆ ಅಟ್ಟದಿಂದ ಬೋಟಿನ ಹಳೇ ಹಗ್ಗ ಇಳಿಸಿದ. ಕಾರಿನ ಮುಂದಕ್ಕೊಂದು, ಹಿಂದಕ್ಕೊಂದು ಹಗ್ಗ ಹಾಕಿ, ಎರಡು ತೆಂಗಿನ ಮರಗಳಿಗೆ ಕಟ್ಟಿದ. ಕಟ್ಟಿದ್ದೂ ಬಿಗಿಯಾಗಿ ಅಲ್ಲ. ಎರಡೆರಡು ಮಾರು ಸಡಿಲ ಬಿಟ್ಟಿದ್ದ. ಬಿಗಿಯಾಗಿ ಕಟ್ಟಿದ ದೋಣಿ ನೀರೇರಿದಾಗ ಮಗುಚುತ್ತದೆ, ಸಡಿಲ ಬಿಟ್ಟದ್ದು ನೀರಿನ ಜೊತೆಗೇ ಏರಿ ನೀರಿನ ಜೊತೆಗೇ ಇಳಿಯುತ್ತದೆ ಎಂದು ಮೊಣಕಾಲುದ್ದ ನೀರಿನಲ್ಲಿ ನಿಂತು ಜಲಶಾಸ್ತ್ರದ ಮೇಲೆ ಉಪನ್ಯಾಸ ಕೊಟ್ಟ. ಕೇಳಲು ಇದ್ದವಳು ಮಗಳು ಪೂಜಿತಾ ಒಬ್ಬಳೇ. ಇದು ದೋಣಿ ಅಲ್ಲ, ಕಾರು ಎಂದು ಅವಳು ನೆನಪಿಸಿದ್ದಕ್ಕೆ, ನೀರಿಗೆ ಅದೆಲ್ಲ ಗೊತ್ತಾಗುವುದಿಲ್ಲ ಎಂಬ ಉತ್ತರ ಬಂತು.

ಆ ದಿನ ಎಲ್ಲರೂ ಎತ್ತರದಲ್ಲಿದ್ದ ಶಾಲೆಯಲ್ಲಿ ಉಳಿದರು. ಮರುದಿನ ನೀರಿಳಿದ ಮೇಲೆ ಬಂದು ನೋಡಿದರೆ ಶಾಸ್ತ್ರ ಅಕ್ಷರಶಃ ನಿಜವಾಗಿತ್ತು. ಕಾರು ನೀರಿನ ಜೊತೆ ಏರಿತ್ತು, ಹಗ್ಗದ ಅಳತೆಯೊಳಗೆ ಸುತ್ತು ಹಾಕಿತ್ತು, ನೀರಿನ ಜೊತೆಗೇ ಇಳಿದಿತ್ತು. ಇಳಿಯುವಾಗ ಮಾತ್ರ ಮುಂದಿನ ಎರಡು ಚಕ್ರಗಳನ್ನು ಮಾಸ್ಟ್ರ ಅಂಗಳದ ಸುತ್ತಿನ ಮುರಕಲ್ಲಿನ ಪಾಗಾರದ ಮೇಲೆ ಇಟ್ಟುಕೊಂಡಿತ್ತು. ನೆರೆಮನೆಯಲ್ಲಿ ಇವತ್ತೇನು ಸಾರು ಎಂದು ಇಣುಕುವವರ ಹಾಗೆ ಕಾಣುತ್ತಿತ್ತು. ಸೀಟಿನವರೆಗೂ ಕೆಸರು. ಸ್ಟೇರಿಂಗಿನ ಬುಡದಲ್ಲಿ ಒಂದು ಏಡಿ.

ಜಲಜ ತಲೆಯ ಮೇಲೆ ಕೈಹೊತ್ತು ಕೂತಳು. ಕರಿಯ ಗಂಟುಗಳನ್ನು ಮುಟ್ಟಿ ನೋಡಿ, ಒಂದೂ ಬಿಚ್ಚಿಲ್ಲ ಎಂದು ಹಿಗ್ಗಿದ.

ಪುಣ್ಯಕ್ಕೆ ಪೂಜಿತಾ ವಿಮೆ ಕಟ್ಟಿಸಿದ್ದಳು. ಫೋನು ಮಾಡಿ, ಎಲ್ಲ ಕೇಳಿ ತಿಳಿದುಕೊಂಡು ಬಂದು, ಅಪ್ಪನನ್ನು ಎದುರಿಗೆ ಕೂರಿಸಿಕೊಂಡಳು.

"ಅಪ್ಪ, ಕೀ ಮುಟ್ಟೂಕಾಗ. ಇಂಜಿನೊಳಗೆ ನೀರ್ ಇತ್ತ್. ಸ್ಟಾರ್ಟ್ ಮಾಡ್ರೆ ಒಡ್ದೇ ಹೋತ್ತ್. ಮತ್ತೆ ಅದಕ್ಕೆ ಅವ್ರ್ ಎಂತದೂ ಕೊಡುದಿಲ್ಲೆ."

ಜಲಜ ಕೀ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಜೊತೆಗೆ ಒಂದು ಆಜ್ಞೆಯನ್ನೂ ಹೊರಡಿಸಿದಳು. "ಬಂದವ್ರ್ ಎಂತ ಕೇಂಡ್ರೂ ಹೌದ್ ಅನ್ನಿ. ಮತ್ತೊಂದ್ ಮಾತ್ ಬ್ಯಾಡ." ಅರ್ಧ ಗಂಟೆ ಬಾಯಿ ಮುಚ್ಚಿಕೊಂಡರೆ ಇಂಜಿನಿನ ದುಡ್ಡು ಬರುತ್ತದೆ. ಲೋಕದಲ್ಲಿ ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ದೊಡ್ಡ ಸಂಬಳ ಯಾರಿಗೂ ಸಿಕ್ಕಿರಲಾರದು.

ಮೂರನೇ ದಿನ ಬೆಳಿಗ್ಗೆ ವಿಮೆಯ ಸರ್ವೇಯರ್ ಬಂದ. ಇಸ್ತ್ರಿ ಹಾಕಿದ ತಿಳಿ ಬಣ್ಣದ ಪ್ಯಾಂಟಿನ, ಮೆತ್ತಗಿನ ಮಾತಿನ ಮನುಷ್ಯ. ಒಳಗಿನ ಫೋಟೊ ತೆಗೆಯಲು ಕೀ ಇಸಿದುಕೊಂಡು ಬಾಗಿಲು ತೆರೆದವನು ಕೀಯನ್ನು ಬಾಗಿಲಿನಲ್ಲೇ ಬಿಟ್ಟ. ಮನೆ ಮುಂದೆ ನಿಲ್ಲಿಸಿದ್ದ ಕಾರೇ? ಹೌದು. ನೀರು ಒಮ್ಮೆಲೇ ಬಂತೇ? ಹೌದು. ಆಮೇಲೆ ಸ್ಟಾರ್ಟ್ ಮಾಡಿಲ್ಲ ತಾನೆ? ಹೌದು. ಜಲಜಳ ಮುಖದಲ್ಲಿ ಮೂರು ದಿನಗಳ ನಂತರ ಮೊದಲ ಸಲ ರಕ್ತ ಆಡಿತು.

ಸರ್ವೇಯರ್ ಹೇಳಿಕೆ ಬರೆದು ಓದಿದ. "ನನ್ನ ವಾಹನವು ನೆರೆ ನೀರಿನಲ್ಲಿ ಮುಳುಗಿ ಸಂಪೂರ್ಣ ನಿಷ್ಕ್ರಿಯವಾಗಿರುತ್ತದೆ." ಕೆಳಗೆ ಸಹಿ ಮಾಡಿ ಎಂದು ಪೆನ್ನು ಕೊಟ್ಟ.

ಕರಿಯ ಪೆನ್ನು ಹಿಡಿದವನು ಹಾಗೇ ನಿಂತ.

"ಮುಳುಗ್ಲಿಲ್ಲೆ," ಎಂದ. "ತೇಲ್ತ್."

ಸರ್ವೇಯರ್ ನಕ್ಕು, ಎರಡೂ ಒಂದೇ, ಆದರೆ ಕಾಗದದಲ್ಲಿ ತೇಲಿದ್ದಕ್ಕೆ ಕೊಡುವ ಪದ್ಧತಿ ಇಲ್ಲ ಎಂದು ಸಮಾಧಾನ ಹೇಳಿದ. ಜಲಜ ಹಿಂದಿನಿಂದ ಕರಿಯನ ಅಂಗಿ ಜಗ್ಗಿದಳು. ಅವನು ಸಹಿಗೆ ಬಗ್ಗಿಯೂ ಬಗ್ಗಿದ. ಅಷ್ಟರಲ್ಲಿ ಪಾಗಾರದ ಆಚೆ ಕೆಸರು ಎಳೆಯುತ್ತಿದ್ದ ಮಾಸ್ಟ್ರು ತಲೆ ಎತ್ತಿದರು.

"ತಾಂಡೇಲ್ರೇ, ಮುಳುಗಿದ್ದನ್ನ ಮುಳುಗಿತ್ ಅಂದ್ರೆ ಎಂತಾತ್ತ್?"

ಬೇರೆ ಯಾರು ಹೇಳಿದ್ದರೂ ನಡೆಯುತ್ತಿತ್ತು. ಹೇಳಿದ್ದು ನೀರು ಕಂಡು ಓಡಿದ ಮನುಷ್ಯ. ಕರಿಯ ಪೆನ್ನು ಬಿಸಾಡಿ, ಬಾಗಿಲಿನ ಕೀ ಕಿತ್ತು, ಓರೆಯಾಗಿ ನಿಂತ ಕಾರಿನೊಳಗೆ ಹತ್ತಿದ. ಜಲಜ ಓಡಿ ಬಂದು ಕೈ ಹಿಡಿಯುವಷ್ಟರಲ್ಲಿ ಕೀ ತಿರುಗಿಸಿಯೂ ಆಗಿತ್ತು.

ಹೇಳಿದರೆ ನಂಬಬೇಕು, ಕಾರು ಸ್ಟಾರ್ಟ್ ಆಯಿತು. ಸೈಲೆನ್ಸರು ಕೆಮ್ಮಿ, ಸರ್ವೇಯರನ ಪ್ಯಾಂಟಿನ ಮೇಲೆ ಒಂದು ಕೊಡದಷ್ಟು ಕೆಸರು ನೀರು ಕಕ್ಕಿತು. ಹತ್ತು ಸೆಕೆಂಡು ಇಂಜಿನು ಓಡಿತು. ಆ ಹತ್ತು ಸೆಕೆಂಡಿನಲ್ಲಿ ಕರಿಯ ಮಾಸ್ಟ್ರ ಕಡೆಗೆ ನೋಡಿದ ನೋಟವಿದೆಯಲ್ಲ, ಹಿಂದಿನ ಕಾಲದ ರಾಜರು ಕೋಟೆ ಗೆದ್ದಾಗಲೂ ಹಾಗೆ ನೋಡಿರಲಾರರು. ಆಮೇಲೆ ಒಳಗೆಲ್ಲೋ ಕಬ್ಬಿಣ ಮುರಿದ ಸದ್ದಾಗಿ ಎಲ್ಲವೂ ನಿಂತಿತು.

ಸರ್ವೇಯರ್ ಕರವಸ್ತ್ರದಿಂದ ಪ್ಯಾಂಟು ಒರೆಸಿಕೊಂಡ. ಮೊದಲಿನ ಹಾಳೆ ಹರಿದು, ಹೊಸದೊಂದು ಬರೆದು, ಮೆತ್ತಗೆ ಓದಿದ. "ನನ್ನ ವಾಹನವು ಮುಳುಗಿರುವುದಿಲ್ಲ. ನಾನೇ ಸ್ವತಃ ಚಾಲನೆ ಮಾಡಿ ತೋರಿಸಿರುತ್ತೇನೆ."

ಇಂಥ ಸತ್ಯವಂತ ಅಧಿಕಾರಿಯನ್ನು ಕರಿಯ ಜನ್ಮದಲ್ಲಿ ಕಂಡಿರಲಿಲ್ಲ. ಬಿದ್ದ ಪೆನ್ನು ಹೆಕ್ಕಿ, ಮಾಸ್ಟ್ರಿಗೂ ಕಾಣುವಷ್ಟು ದೊಡ್ಡದಾಗಿ ಸಹಿ ಹಾಕಿದ. ಆಮೇಲೆ ಪೂಜಿತಾ ಅದರ ಅರ್ಥ ಬಿಡಿಸಿ ಹೇಳಿದಳು. ಇಂಜಿನಿಗೆ ಇನ್ನು ಏನೂ ಇಲ್ಲ. ಸೀಟಿನ ಕವರಿಗೂ ಕಾಲೊರೆಸುವ ಮ್ಯಾಟಿಗೂ ಸಿಗಬಹುದು. ಜಲಜ ಒಂದು ಮಾತೂ ಬೈಯಲಿಲ್ಲ. ಕರಿಯನಿಗೆ ಹೆದರಿಕೆ ಹುಟ್ಟಿದ್ದೇ ಆಗ.

ಮಾರನೇ ಬೆಳಿಗ್ಗೆ ಬುಟ್ಟಿ ಹೊತ್ತವನು ಕರಿಯ. ಐಸು ಕರಗಿ, ಮೀನಿನ ನೀರು ಕಿವಿಯ ಹಿಂದಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಎರಡು ಬಸ್ಸುಗಳು ಬುಟ್ಟಿ ಕಂಡು ನಿಲ್ಲಿಸದೆ ಹೋದವು. ಮೂರನೆಯದಾಗಿ ಬಂದು ನಿಂತದ್ದು ಸುಂದರ ಮಾಸ್ಟ್ರ ಕಾರು. ಅವರೇ ಇಳಿದು ಡಿಕ್ಕಿ ತೆರೆದು, ಜಲಜಕ್ಕನನ್ನು ಕುಂದಾಪುರಕ್ಕೆ ಬಿಡುವುದಾಗಿ ಹೇಳಿದರು. ಕರಿಯ ಬುಟ್ಟಿ ಒಳಗಿಟ್ಟು, ಬಿಗುಮಾನ ನುಂಗಿಕೊಂಡು, ಹಿಂದಿನ ಬಾಗಿಲಿಗೆ ಕೈ ಹಾಕಿದ.

ಜಲಜ ಹಿಂದಿನ ದಿನದಿಂದ ಕೂಡಿಟ್ಟಿದ್ದ ಮಾತನ್ನು ಒಂದೇ ಸಲಕ್ಕೆ ಆಡಿದಳು. "ನೀವ್ ಎಲ್ಲಿಗೆ? ಕಾರ್ ಇಲ್ದಿದ್ ಡ್ರೈವರ್ ನಂಗೆಂತಕ್ಕೆ?"

ಕಾರು ಹೋಯಿತು. ಕರಿಯ ಒದ್ದೆ ತಲೆಯಲ್ಲಿ ಮನೆ ಕಡೆ ನಡೆದ. ದಾರಿಯಲ್ಲಿ ಸಿಕ್ಕವರೆಲ್ಲ ಇದೇನು ತಾಂಡೇಲರು ಹೀಗೆ ನೆನೆದಿದ್ದಾರೆ ಎಂದು ಕೇಳಿದರು. ಮಳೆ ಎಂದ. ಅವತ್ತು ಬೆಳಿಗ್ಗೆಯಿಂದಲೂ ಒಳ್ಳೆ ಬಿಸಿಲಿತ್ತು.