ನೀರಿಗೂ ಬಂದ ಕಾಮಾಲೆ

ಓದಿದವರಿಗೆ ಹೆದರಿಕೆ ಕಡಿಮೆ ಎನ್ನುತ್ತಾರೆ. ಸುಳ್ಳು. ಓದಿದವನು ಕಾರಣ ಕೊಟ್ಟು ಹೆದರುತ್ತಾನೆ, ಅಷ್ಟೆ. ಅದಿರಿನ ಲಾರಿಗಳು ಹೊಸಪೇಟೆಯ ಹಗಲನ್ನೇ ಕೆಂಪಾಗಿಸಿದ್ದ ಕಾಲದಲ್ಲಿ ನಾನು ಅಲ್ಲಿನ ಲ್ಯಾಬೊಂದರಲ್ಲಿ ಟೆಕ್ನಿಷಿಯನ್ ಆಗಿದ್ದೆ. ಸಂಡೂರು, ಕಂಪ್ಲಿ ಕಡೆಯಿಂದ ಬಂದವರ ರಕ್ತದಲ್ಲಿ, ರಕ್ತದಿಂದಲೇ ಹರಡುವ ಬಗೆಯ ಕಾಮಾಲೆಯ ವೈರಸ್ ಹುಡುಕುವುದು ನನ್ನ ಕೆಲಸ. ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಲ್ಲಿ ಪ್ರತಿಕಾಯ ಅಂಟಿಸಿರುತ್ತಾರೆ. ವೈರಸ್ಸಿನ ಪ್ರೋಟೀನಿದ್ದರೆ ಅದು ಹಿಡಿದುಕೊಳ್ಳುತ್ತದೆ. ಬಣ್ಣ ಬರಿಸುವ ರಾಸಾಯನಿಕ ಹಾಕಿ, ಅಂಟದೆ ಉಳಿದದ್ದನ್ನು ತೊಳೆದರೆ ಆ ಗುಳಿಯಷ್ಟೇ ಹಳದಿಯಾಗುತ್ತದೆ.

"ಒಂಚೂರಿದ್ರೂ ಸಿಗಬೇಕ್ರಿ, ತಪ್ಪಿಸ್ಕೋಬಾರ್ದು" ಎಂದು ನಮ್ಮ ಡಾಕ್ಟರಮ್ಮ ಹೇಳಿದ್ದೇ ತಡ, ನನಗೆ ವಿಜ್ಞಾನಿಯ ಆವೇಶ ಬಂತು. ರಕ್ತವನ್ನು ಗುಳಿಯಲ್ಲಿ ಹೆಚ್ಚು ಹೊತ್ತು ಬಿಟ್ಟೆ. ಬಣ್ಣಕ್ಕೂ ಹೆಚ್ಚು ಹೊತ್ತು ಕೊಟ್ಟೆ. ಹಿಡಿದದ್ದು ಕೊಚ್ಚಿಹೋದೀತೆಂದು ತೊಳೆಯುವುದನ್ನು ಕಡಿಮೆ ಮಾಡಿದೆ. ಹೋಲಿಕೆಗೆ ರೋಗವಿಲ್ಲದ ರಕ್ತವೂ ಇರಲೆಂದು ನನ್ನದನ್ನೇ ಹಾಕಿದೆ. ಅದು ಹಳದಿಯಾಯಿತು! ಪಕ್ಕದವೂ ಹಳದಿಯೇ, ಆದರೆ ನನ್ನ ಕಣ್ಣು ನನ್ನ ಗುಳಿಯಲ್ಲೇ ನೆಟ್ಟಿತ್ತು.

ಚಿತ್ತವಾಡ್ಗಿಯ ಮನೆಗೆ ಬಂದು ಕನ್ನಡಿಯಲ್ಲಿ ಕಣ್ಣು ನೋಡಿಕೊಂಡೆ. ಕಾಮಾಲೆಯೋ, ಅದಿರಿನ ಧೂಳೋ ತಿಳಿಯಲಿಲ್ಲ. ಇದು ಎಂಜಲಿನಿಂದ ಹರಡುವುದಿಲ್ಲವೆಂದು ಊರಿಗೆಲ್ಲ ಹೇಳಿದವನು ನನ್ನ ಲೋಟ ಬೇರೆ ಇಟ್ಟೆ. ತೊಡೆಯೇರಲು ಬಂದ ಮಗಳನ್ನು ದೂರ ಸರಿಸಿದೆ, ಅವಳು ಅತ್ತಳು.

"ಏನಾಗೇತ್ರಿ ನಿಮಗ? ಬಾಯಿಬಿಟ್ಟು ಹೇಳ್ರಿ" ಎಂದಳು ಹೆಂಡತಿ ಸುಮಿತ್ರಾ.

ಹೇಳಿದೆ. ಅವಳು ಗೋಡೆಗೊರಗಿ ಕುಳಿತುಬಿಟ್ಟಳು.

ಮರುದಿನ ಡಾಕ್ಟರಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದರು. ಹೋಲಿಕೆಗೆಂದು ರಕ್ತವನ್ನೇ ಹಾಕದೆ ಬಿಟ್ಟಿದ್ದ, ನೀರಿನಂಥ ದ್ರಾವಣವಷ್ಟೇ ಇದ್ದ ಗುಳಿಯೂ ಹಳದಿಯಾಗಿತ್ತು.

"ನೀರಿಗೂ ಕಾಮಾಲಿ ಬಂದೈತೇನ್ರಿ? ಜಾಸ್ತಿ ಹಿಡೀಬೇಕಂದ್ರ ಮೊದ್ಲು ಚಂದಾಗಿ ತೊಳೀಬೇಕು. ಇಲ್ಲಾಂದ್ರ ಎಲ್ಲಾರೂ ರೋಗಿಗಳ ಆಗ್ತಾರ!"

ಎಲ್ಲ ರಕ್ತವನ್ನೂ ಹೊಸ ತಟ್ಟೆಗೆ ಹಾಕಿ, ಮತ್ತೆ ಮತ್ತೆ ತೊಳೆದೆ. ನನ್ನ ಗುಳಿ ತಿಳಿಯಾಗಿಯೇ ಉಳಿಯಿತು. ಅಷ್ಟು ಕಂಡದ್ದೇ ಸಾಕು, ಆಟೋ ಹಿಡಿದು ದಾರಿಯಲ್ಲಿ ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಓಡಿದೆ.

"ನಂಗೇನೂ ಇಲ್ಲ! ನಿನ್ನೆ ಎಲ್ಲಾರದೂ ಸುಳ್ಳ ಸುಳ್ಳ ಹಳದಿ ಆಗಿತ್ತು!"

ಸುಮಿತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಬಾಯಿಗೆ ಜಿಲೇಬಿ ಇಟ್ಟು ಕೇಳಿದಳು: "ಭಾಳ ಚಲೋ ಆತು ಬಿಡ್ರಿ. ಉಳಿದವ್ರದೂ ತಿಳಿ ಆತೇನು?"

ನಾನು ನೋಡಿಯೇ ಇರಲಿಲ್ಲ. ಜಿಲೇಬಿಯನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಬಾಯಲ್ಲಿಟ್ಟುಕೊಂಡೇ ಚಪ್ಪಲಿ ಮೆಟ್ಟಿ, ಲ್ಯಾಬಿಗೆ ಮರಳಲು, ಆಗಷ್ಟೇ ಹೊರಟಿದ್ದ ಆಟೋದ ಹಿಂದೆ ಓಡಿದೆ.