ಮೈದಾನದಲ್ಲಿ ಮಿಸೆಲ್ ಕಟ್ಟಿದ್ದು

ಸಾಬೂನಿನ ಪಾಠವನ್ನು ಕರಿಹಲಗೆಯ ಮೇಲೆ ಮುಗಿಸುವವರು ಸಾಮಾನ್ಯ ಉಪನ್ಯಾಸಕರು. ನಾನು ಹಾಗಲ್ಲ! ಶಹಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ, ಮುಂದಿನ ವರ್ಷ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ಕರೆಯಬೇಕೋ ಬೇಡವೋ ಎಂದು ನೋಡಲು ಪ್ರಿನ್ಸಿಪಾಲರು ಅಂದು ನನ್ನ ಪಾಠಕ್ಕೆ ಬರುವವರಿದ್ದರು.

"ಸುಮ್ನ ಪುಸ್ತಕದಾಗ ಇದ್ದದ್ದು ಹೇಳಿ ಬರ್ರಿ," ಎಂದಳು ಹೆಂಡತಿ.

"ನಿನಗ ತಿಳಿಯಂಗಿಲ್ಲ ಬಿಡು," ಎಂದು ಇಸ್ತ್ರಿ ಅಂಗಿ ತೊಟ್ಟು ಹೊರಟೆ.

ಸಿದ್ಧಾಂತ ಸರಳ. ಸಾಬೂನಿನ ಅಣುವಿನ ತಲೆಗೆ ನೀರೆಂದರೆ ಪ್ರಾಣ, ಬಾಲಕ್ಕೆ ನೀರು ಕಂಡರಾಗದು. ಅಣುಗಳು ಕಡಿಮೆ ಇದ್ದಾಗ ನೀರಿನಲ್ಲಿ ಒಂಟಿಯಾಗಿ ಅಲೆಯುತ್ತವೆ. ಸಂಖ್ಯೆ ಒಂದು ಮಿತಿ ದಾಟಿತೋ, ಯಾರೂ ಹೇಳದೆಯೇ ಬಾಲ ಒಳಗೆ, ತಲೆ ಹೊರಗೆ ಮಾಡಿಕೊಂಡು ದುಂಡಗೆ ಗುಂಪುಗಟ್ಟುತ್ತವೆ. ಇದೇ ಮಿಸೆಲ್; ಬಟ್ಟೆಯ ಎಣ್ಣೆ ಜಿಡ್ಡು ಇದರ ನಡುವೆ ಸೇರಿಕೊಳ್ಳುತ್ತದೆ. ನಾನು ಹುಡುಗರನ್ನು ಮೈದಾನಕ್ಕಿಳಿಸಿ ಘೋಷಿಸಿದೆ: "ನೀವೆಲ್ಲ ಸಾಬೂನಿನ ಅಣು. ಈಗ ನೀವಾಗೇ ಆಗ್ರಿ!"

"ಏನಾಗಬೇಕ್ರಿ ಸರ?"

"ಅದನ್ನ ಹೇಳಿದ್ರ ಸ್ವಯಂ ಜೋಡಣೆ ಹೆಂಗಾಗ್ತದೋ!"

ಹುಡುಗರು ಅಲೆದರು. ಒಬ್ಬ ಬೇವಿನ ನೆರಳಿಗೆ ಹೋಗಿ ಕುಳಿತ. ಇನ್ನೊಬ್ಬ ತನ್ನೂರು ಗೋಗಿಯ ಬಸ್ಸಿನ ಹೊತ್ತಾಯಿತೆಂದು ಚೀಲ ಎತ್ತಿಕೊಂಡ.

"ಏನ್ ಮಾಡಾಕತ್ತಾರ್ರಿ ಇವರು?" ಅಷ್ಟೊತ್ತಿಗೆ ಮೈದಾನಕ್ಕೆ ಬಂದಿದ್ದ ಪ್ರಿನ್ಸಿಪಾಲರು ಕೇಳಿದರು.

"ಸಂಖ್ಯೆ ಸಾಲವಲ್ದು ಸರ. ಬಿ.ಎ. ಹುಡುಗರನ್ನೂ ಕಳಸ್ರಿ."

ಬಿ.ಎ. ಬಂತು. ಮಿತಿ ದಾಟಲಿಲ್ಲ. ಬಿ.ಕಾಂ. ಬಂತು. ಇಡೀ ಕಾಲೇಜೇ ದ್ರಾವಣದಲ್ಲಿ ಕರಗಿತ್ತು! ನನ್ನ ಅಂಗಿ ಬೆವರಿನಲ್ಲಿ.

ಅಷ್ಟರಲ್ಲಿ ಗೇಟಿನಾಚೆ ಮಿರ್ಚಿ ಭಜಿ ಬಂಡಿಯವನು ಕಾದ ಎಣ್ಣೆಗೆ ಮೊದಲ ಸುತ್ತಿನ ಭಜಿ ಬಿಟ್ಟ. ಘಮ್ಮೆಂದಿತು. ಕಣ್ಣುಮುಚ್ಚಿ ತೆರೆಯುವುದರೊಳಗೆ, ಯಾರೂ ಹೇಳದೆಯೇ, ಇಡೀ ಕಾಲೇಜು ಬಂಡಿಯ ಸುತ್ತ ದುಂಡಗೆ ಕಟ್ಟಿಕೊಂಡಿತು. ಮುಖಗಳೆಲ್ಲ ಬಾಣಲೆಯ ಕಡೆ, ಬೆನ್ನುಗಳೆಲ್ಲ ನಮ್ಮ ಕಡೆ.

"ಆತ್ರಿ ಸರ! ಮಿಸೆಲ್! ನಡುವ ಎಣ್ಣಿನೂ ಐತಿ!" ನಾನು ಕುಣಿದೇಬಿಟ್ಟೆ.

"ಬಾಲ ಎಲ್ಲೈತ್ರಿ?"

"ಮುಖಾನೇ ಬಾಲ ಅನ್ಕೋರಿ. ನೀರು ಕಂಡ್ರ ಆಗಲಾರದ್ದು ಒಳಗ ತಿರಗ್ತದ."

ಅವರು ಆ ಬೆನ್ನುಗಳನ್ನು ನೋಡಿದರು. ಆಮೇಲೆ ಖಾಲಿ ಮೈದಾನದ ನಡುವೆ ನಿಂತಿದ್ದ ನನ್ನನ್ನು ನೋಡಿದರು.

"ಹಂಗಾದ್ರ ನೀರು ಯಾರ್ರಿ?"

ನಾನು ಹಣೆಯ ಬೆವರು ಒರೆಸಿಕೊಂಡೆ. "ಮುಂದಿನ ವರ್ಷದ್ದು ನೋಡೂಣಂತ," ಎನ್ನುತ್ತ ಅವರೂ ಬಂಡಿಯತ್ತ ನಡೆದರು. ಗುಂಪು ತಾನಾಗಿ ಸರಿದು ಅವರನ್ನು ಒಳಗೆ ಸೇರಿಸಿಕೊಂಡಿತು. ನನಗೂ ಹಸಿವಾಗಿತ್ತು. ಹೋಗಿ ಎರಡು ಸುತ್ತು ಹಾಕಿದೆ. ಎಲ್ಲಿಯೂ ಸಂದಿಯಿಲ್ಲ. ಸಿದ್ಧಾಂತ ಅಕ್ಷರಶಃ ನಿಜ: ಮಿಸೆಲ್ಲಿನೊಳಗೆ ನೀರಿಗೆ ಪ್ರವೇಶವಿಲ್ಲ!